ಬೀಗತಿಯ ಎರಡನೇ ವಿಮಾನ

ಹೊಲಿಗೆ ಮಿಷನ್ ರಿಪೇರಿ ಮಾಡುವ ಅವನನ್ನು ಪೇಟೆಯಲ್ಲಿ ಎಲ್ಲರೂ ಬಾಬಿನ್ ಅಂತಲೇ, ಮಿಷನ್ನಿನೊಳಗಿನ ದಾರದುರುಳೆಯ ಹೆಸರಿನಿಂದ, ಕರೆಯುತ್ತಿದ್ದರು. ಮಿಷನ್ನಿನ ಸದ್ದು ಕೇಳಿಯೇ ಎಲ್ಲಿ ಏನು ಸವೆದಿದೆ ಅಂತ ಹೇಳುವವನು, ಮಾತಿಗೆ ನಿಂತರೆ ಮಾತ್ರ ದಾರದುಂಡೆ ಬಿಚ್ಚಿದ ಹಾಗೆ, ಮುಗಿಯುವುದೇ ಇಲ್ಲ. ಹೆಸರು ಯಾವ ಕಾರಣಕ್ಕೆ ಅಂಟಿಕೊಂಡಿತೋ ಅವನೂ ಕೇಳಿರಲಿಲ್ಲ. ವಾರವಿಡೀ ಎಣ್ಣೆ, ಸೂಜಿ, ಬೆಲ್ಟುಗಳ ನಡುವೆ ಬಗ್ಗಿ ಕೂತಿರುತ್ತಿದ್ದವನು ಭಾನುವಾರ ಮಾತ್ರ ಶಟರ್ ಎತ್ತುತ್ತಿರಲಿಲ್ಲ. ಊರಾಚೆ, ನಿಂತುಹೋದ ಇಟ್ಟಿಗೆ ಕಾರ್ಖಾನೆಯ ಹಿಂದಿನ ಬಯಲಿಗೆ ಹೋಗಿ, ರಿಮೋಟಿನಲ್ಲಿ ಹಾರುವ ಪುಟ್ಟ ವಿಮಾನ ಹಾರಿಸುತ್ತಿದ್ದ.

ಅವನದು ಹಳದಿ ಬಣ್ಣದ ಟ್ರೇನರ್. ಹೊಸಬರು ಕಲಿಯಲಿ ಅಂತಲೇ ಇರುವ ವಿಮಾನ ಅದು. ರೆಕ್ಕೆ ಮೈಯ ಮೇಲ್ಗಡೆ ಕೂತಿರುತ್ತದೆ, ತುದಿಗಳು ಚೂರು ಮೇಲೆದ್ದಿರುತ್ತವೆ. ಗಾಬರಿಯಾಗಿ ಕೈಬಿಟ್ಟರೂ ಒಂದೆರಡು ಸಲ ತೂಗಾಡಿ ತಾನಾಗಿಯೇ ನೆಟ್ಟಗಾಗುತ್ತದೆ. ಬಯಲಿಗೆ ಬರುವವರೆಲ್ಲ ಒಂದಷ್ಟು ತಿಂಗಳು ಅದರಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ರೆಕ್ಕೆ ಹೊಟ್ಟೆಯ ಕೆಳಗಿರುವ ವಿಮಾನಕ್ಕೆ ಹೋಗುತ್ತಿದ್ದರು. ಅದು ಯಾರ ತಪ್ಪನ್ನೂ ತಿದ್ದುವುದಿಲ್ಲ. ವಾಲಿಸಿದರೆ ವಾಲಿಯೇ ಇರುತ್ತದೆ, ನೆಟ್ಟಗೆ ಮಾಡಬೇಕಾದವನು ಹಾರಿಸುವವನೇ. ಬಾಬಿನ್ ವರ್ಷಗಟ್ಟಲೆ ಆದರೂ ಹಳದಿಯನ್ನು ಬಿಟ್ಟಿರಲಿಲ್ಲ. ಹಾಗಂತ ಮುಂದಿನದು ಇರಲಿಲ್ಲ ಅಂತಲ್ಲ. ಅಂಗಡಿಯ ಅಟ್ಟದ ಮೇಲೆ, ಹಳೇ ಸೀರೆ ಹೊದ್ದುಕೊಂಡು, ಅವನೇ ಕೈಯಾರೆ ಕಟ್ಟಿದ ಕೆಂಪು ವಿಮಾನ ಮಲಗಿತ್ತು. ಯಾರಾದರೂ ಕೇಳಿದರೆ ಮೋಟರ್ ಇನ್ನೂ ಹೊಂದಿಲ್ಲ ಅನ್ನುತ್ತಿದ್ದ, ಇಲ್ಲವೇ ಗಾಳಿ ಸರಿಯಿಲ್ಲ ಅನ್ನುತ್ತಿದ್ದ. ಕೇಳುವವರೂ ಬರಬರುತ್ತಾ ಕೇಳುವುದನ್ನು ಬಿಟ್ಟರು.

ಬಾಬಿನ್‌ಗೆ ಒಬ್ಬಳೇ ಮಗಳು. ಅದೇ ಊರಿನಲ್ಲೇ ಮದುವೆಯಾಗಿ ಹೋಗಿದ್ದಳು. ಅವಳ ಅತ್ತೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವರು. ಗಂಡ ತೀರಿಕೊಂಡು ಕೆಲ ವರ್ಷಗಳಾಗಿತ್ತು, ಈಗ ಕೆಲಸದಿಂದಲೂ ನಿವೃತ್ತಿಯಾಗಿತ್ತು. ಮನೆಗೆ ಬರುವ ಪೇಪರಿನಲ್ಲಿ ತಪ್ಪು ಹುಡುಕಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕೂತಿರುತ್ತಿದ್ದರು. ಮಗಳು ಒಂದು ದಿನ ಫೋನ್ ಮಾಡಿ, ಅತ್ತೆಗೆ ಹೊತ್ತೇ ಹೋಗ್ತಿಲ್ಲ, ನಿನ್ನ ವಿಮಾನ ತೋರಿಸೋಕೆ ಒಂದ್ಸಲ ಕರ್ಕೊಂಡು ಹೋಗಪ್ಪಾ ಅಂದಳು. ಬೀಗರ ವಿಷಯ, ಇಲ್ಲ ಅನ್ನುವ ಹಾಗಿಲ್ಲ. ಬಾಬಿನ್ ಸ್ಕೂಟರಿನ ಹಿಂದೆ ಹಳದಿ ವಿಮಾನ ಕಟ್ಟಿಕೊಂಡು ಹೋದ. ಬೀಗತಿ ಆಟೋದಲ್ಲಿ ಬಂದರು. ಬರುವಾಗ ಮಡಚುವ ಕುರ್ಚಿಯೊಂದನ್ನೂ ತಂದಿದ್ದರು.

ಮೊದಲೆರಡು ಭಾನುವಾರ ಆಕೆ ಸುಮ್ಮನೆ ಕೂತು ನೋಡಿದರು. ಮೂರನೆಯ ಸಲ, ನಾನೂ ಒಂದು ಕೈ ನೋಡಬಹುದಾ ಅಂತ ಕೇಳಿದರು. ಬಾಬಿನ್ ಹಿಗ್ಗಿದ. ಎರಡು ರಿಮೋಟುಗಳ ನಡುವೆ ವೈರ್ ಸಿಕ್ಕಿಸಿದ. ಆಕೆಯ ಕೈ ತಪ್ಪಿದರೆ ಒತ್ತಿ ಹಿಡಿದ ಗುಂಡಿ ಬಿಟ್ಟು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳುವ ಏರ್ಪಾಡು ಅದು. ವಿಮಾನ ನಮ್ಮ ಕಡೆಗೆ ಬರುವಾಗ ಎಡ ಬಲ ಅದಲುಬದಲಾಗುತ್ತದೆ, ಯಾವ ರೆಕ್ಕೆ ಕೆಳಗಾಯಿತೋ ರಿಮೋಟಿನ ಕಡ್ಡಿಯನ್ನು ಆ ಕಡೆಗೇ ತಳ್ಳಿ ಅದಕ್ಕೆ ಆಸರೆ ಕೊಡಿ ಅಂತೆಲ್ಲ ಬಿಡಿಸಿ ಹೇಳಿದ. ಅದುವರೆಗೆ ಅವನ ಮಾತನ್ನು ಯಾರೂ ಅಷ್ಟು ಹೊತ್ತು, ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ. ಆ ವಾರವೆಲ್ಲ ಅಂಗಡಿಗೆ ಬಂದವರ ಹತ್ತಿರ ನಮ್ಮ ಬೀಗರು ಹೀಗೆ, ನಮ್ಮ ಬೀಗರು ಹಾಗೆ ಅಂತ ಹೊಗಳಿದ್ದೇ ಹೊಗಳಿದ್ದು.

ಹೊಗಳಿಕೆ ಬಹಳ ದಿನ ಬಾಳಲಿಲ್ಲ. ಆಕೆಗೆ ಗುಂಡಿಯ ಅಗತ್ಯ ಬೀಳುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಬಾಬಿನ್ ವೈರಿನ ಈ ತುದಿಯಲ್ಲಿ, ಕೆಲಸವಿಲ್ಲದ ರಿಮೋಟ್ ಹಿಡಿದು ನಿಂತಿರುತ್ತಿದ್ದ. ಅವನು ಇಳಿಸುವಾಗ ಎರಡು ಸಲವಾದರೂ ಕುಪ್ಪಳಿಸುತ್ತಿದ್ದ ಹಳದಿ, ಆಕೆ ಇಳಿಸಿದರೆ ಬೆಕ್ಕು ಗೋಡೆಯಿಂದ ಇಳಿದ ಹಾಗೆ ಇಳಿಯುತ್ತಿತ್ತು. ಅವನದೇ ವಿಮಾನ, ಅವನೇ ಗಮ್ ಹಾಕಿ ಅಂಟಿಸಿದ ರೆಕ್ಕೆ. ಕರಡು ತಿದ್ದುತ್ತಿದ್ದ ಹೆಂಗಸಿಗೆ ಈ ಕೈ ಎಲ್ಲಿಂದ ಬಂತು? ವಾಚ್ ರಿಪೇರಿಯೋ ಡ್ರೈವಿಂಗೋ ಮಾಡಿದ್ದರೆ ಒಪ್ಪಬಹುದಿತ್ತು. ಒಪ್ಪಲು ಒಂದು ನೆಪವೂ ಸಿಗದೆ ಅವನ ಹೊಟ್ಟೆಯಲ್ಲಿ ಸಣ್ಣಗೆ ಉರಿ ಹತ್ತಿತು. ಬೇರೆ ಯಾರಾದರೂ ಆಗಿದ್ದರೆ ಮೂಗು ಮುರಿದು ನಾಲ್ಕು ಮಾತು ಆಡಿಬಿಡುತ್ತಿದ್ದ. ಬೀಗರ ಎದುರು ಬಾಯಿಗೇ ಬೀಗ. ನಗುತ್ತಾ ನಿಲ್ಲಬೇಕು.

ಹೀಗಿರುವಾಗ ಆಕೆಯೇ ಒಂದು ದಿನ ಕೇಳಿದರು. ಬೇರೆಯವರ ವಿಮಾನಗಳನ್ನು ನೋಡುತ್ತಾ, ಮೆಲ್ಲಗೆ.

"ಬೀಗರೇ, ನಾನು ಟ್ರೇನರ್ ಬಿಟ್ಟು ಮುಂದಿನದಕ್ಕೆ ಹೋಗಬಹುದಾ? ನಿಮಗೇನನ್ಸುತ್ತೆ?"

ಬಾಬಿನ್ ಗಡ್ಡ ಕೆರೆದುಕೊಂಡ. ಹೋಗಬಹುದು ಅಂತ ಅವನಿಗೆ ಗೊತ್ತಿತ್ತು. ಬಯಲಿನಲ್ಲಿ ಮೇಯುತ್ತಿದ್ದ ದನಕ್ಕೂ ಗೊತ್ತಿತ್ತು.

"ಇನ್ನೊಂದು ವರ್ಷ ಹೋಗ್ಲಿ ಬೀಗರೇ. ಅವಸರ ಮಾಡಿ ಮುರ್ಕೊಂಡೋರನ್ನ ನಾನು ಬೇಕಾದಷ್ಟು ನೋಡಿದೀನಿ" ಅಂದ.

ಆಕೆ ಸರಿ ಅಂತ ತಲೆಯಾಡಿಸಿದರು. ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ, ಅದೇ ಹಳದಿಯನ್ನು ಸುತ್ತಿಸಿದರು. ಅವನಿಗೆ ಒಳಗೊಳಗೇ ನೆಮ್ಮದಿ, ಜೊತೆಗೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದಂಥ ಇರುಸುಮುರುಸು.

ಬಯಲಿನಲ್ಲಿ ಎಲ್ಲರಿಗೂ ಹಿರಿಯರೊಬ್ಬರಿದ್ದರು. ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು, ಹಾರಿಸಲು ಕಲಿಸುತ್ತಾರೆ ಅಂತ ಜನ ಮೇಷ್ಟ್ರು ಅನ್ನುತ್ತಿದ್ದರು. ಮಾತು ಕಮ್ಮಿ. ಅವರು ಒಂದು ದಿನ ಬೀಗತಿ ಇಳಿಸಿದ್ದನ್ನು ನೋಡಿ ಹತ್ತಿರ ಬಂದು, ನೀವಿನ್ನೂ ಯಾಕೆ ಇದನ್ನೇ ಹಿಡ್ಕೊಂಡಿದೀರಿ, ಯಾರು ಬೇಡ ಅಂದ್ರು ಅಂತ ಕೇಳಿದರು. ಬಾಬಿನ್ ಪಕ್ಕದಲ್ಲೇ ಇದ್ದ. ಅವನ ಕಿವಿ ಬಿಸಿಯಾಯಿತು.

"ಯಾರೂ ಅಂದಿಲ್ಲ. ನಂಗೇ ಧೈರ್ಯ ಬಂದಿರ್ಲಿಲ್ಲ" ಅಂದರು ಬೀಗತಿ, ಅವನ ಕಡೆ ತಿರುಗಿಯೂ ನೋಡದೆ.

ತನ್ನ ಮರ್ಯಾದೆ ಉಳಿಸಿದವರ ಮೇಲೆ ಸಿಟ್ಟು ಬರುವುದೆಂದರೆ ಏನು ಅಂತ ಬಾಬಿನ್‌ಗೆ ಅವತ್ತು ಗೊತ್ತಾಯಿತು. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಈಗ ಆಕೆಯ ಕೈ ಅಷ್ಟೇ ಅಲ್ಲ, ಮನಸ್ಸೂ ತನ್ನದಕ್ಕಿಂತ ದೊಡ್ಡದು ಅಂತಾಯಿತು.

ಆಕೆ ತಮ್ಮ ವಿಮಾನವನ್ನು ತಾವೇ ಕಟ್ಟಲು ಕೂತರು. ಬಾಬಿನ್ ಹೆಂಡತಿಯ ಜೊತೆ ಮಗಳನ್ನು ನೋಡಲು ಹೋದ ದಿನ ಊಟದ ಮೇಜಿನ ತುಂಬ ಹಗುರ ಮರದ ಪಟ್ಟಿಗಳು, ಗುಂಡುಸೂಜಿಗಳು, ಮರ ಉಜ್ಜುವ ಉಪ್ಪುಕಾಗದ. ರೆಕ್ಕೆಯ ಹಂದರ ಆಗಲೇ ಎದ್ದು ನಿಂತಿತ್ತು. ಬಾಬಿನ್ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ, ಎಲ್ಲಾದರೂ ಸೊಟ್ಟ ಇದೆಯೇನೋ ಅಂತ. ಇರಲಿಲ್ಲ. ಅದನ್ನಾದರೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಮೇಜಿನ ಇನ್ನೊಂದು ತುದಿಯಲ್ಲಿ ಅವನ ಮಗಳು, ಮೊಣಕೈಗೆಲ್ಲ ಅಂಟು ಮೆತ್ತಿಕೊಂಡು, ಬಾಲದ ಮೇಲೆ ಹಸಿರು ಪ್ಲಾಸ್ಟಿಕ್ ಹಾಳೆ ಇಟ್ಟು ಇಸ್ತ್ರಿಪೆಟ್ಟಿಗೆಯಿಂದ ಮೆಲ್ಲಗೆ ಒತ್ತುತ್ತಿದ್ದಳು. ಹಾಳೆ ಬಿಸಿಗೆ ಬಿಗಿದುಕೊಂಡು ಚರ್ಮದ ಹಾಗೆ ಕೂತಾಗ, ನೋಡಿ ಅತ್ತೆ, ಒಂದು ಸುಕ್ಕಿಲ್ಲ ಅಂತ ತೋರಿಸಿದಳು. ತವರಿನಲ್ಲಿದ್ದಷ್ಟು ಕಾಲ ಅವಳು ಅಪ್ಪನ ವಿಮಾನದ ಹತ್ತಿರ ಸುಳಿದವಳಲ್ಲ.

ಬಾಬಿನ್ ನಗುತ್ತಲೇ ಅಂದ, "ನಮ್ಮನೇಲಿ ಅಂಟಿನ ವಾಸನೆಗೆ ತಲೆನೋವು ಅಂತಿದ್ದೆ."

ಮಗಳು ತಲೆ ಎತ್ತಲಿಲ್ಲ. "ನೀನು ಯಾವತ್ತು ಮುಟ್ಟೋಕೆ ಬಿಟ್ಟಿದ್ದೆ ಅಪ್ಪಾ? ದೂರ ನಿಂತು ನೋಡು ಅಂತಿದ್ದೆ."

ಅವಳ ಮಾತಿನಲ್ಲಿ ಮುನಿಸು ಇರಲಿಲ್ಲ. ಇದ್ದ ವಿಷಯ ಹೇಳಿದ್ದಳು ಅಷ್ಟೇ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಾಬಿನ್‌ನ ಮುಖ ನೋಡಿ, ಟೀ ಆರುತ್ತೆ ಬನ್ನಿ ಅಂತ ಕರೆದಳು. ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತು, ನಿಮಗೆ ಹೊಟ್ಟೆಕಿಚ್ಚು, ಒಪ್ಕೊಂಡ್ಬಿಡಿ, ಅರ್ಧ ಇಳಿಯುತ್ತೆ ಅಂದಳು. ಅವನು ಹಾರ್ನ್ ಹೊಡೆದ. ರಸ್ತೆಯಲ್ಲಿ ಯಾರೂ ಅಡ್ಡ ಬಂದಿರಲಿಲ್ಲ.

ಹಸಿರು ವಿಮಾನ ಮೊದಲು ಹಾರಿದ ಭಾನುವಾರ ಬೀಗತಿ ಬಾಬಿನ್‌ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಅವನು ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ, ಹಿಂದೆ ಮುಂದೆ ತೂಕ ಸರಿಯಾಗಿದೆಯೇ ಅಂತ ನೋಡಿದ. ಮೂತಿ ಚೂರೇ ಚೂರು ಬಾಗಿ ನಿಂತಿತು, ಹೇಗಿರಬೇಕೋ ಹಾಗೆ. ಹುಲ್ಲು ಸವರಿದ ಪಟ್ಟೆಯ ಮೇಲೆ ಅದು ಓಡಿ ನೆಲ ಬಿಟ್ಟಾಗ ಹಳದಿಯ ಗುರುಗುರು ಇರಲಿಲ್ಲ, ಬಟ್ಟೆ ಹರಿದಂಥ ಸದ್ದು. ತಿರುವಿನಲ್ಲಿ ವಾಲಿತು, ವಾಲಿಯೇ ಇತ್ತು. ಆಕೆ ಕಡ್ಡಿಯನ್ನು ತಿರುಗಿ ತಳ್ಳಿ ನೆಟ್ಟಗೆ ಮಾಡಿದರು. ಮತ್ತೆ ತಿರುವು, ಮತ್ತೆ ನೆಟ್ಟಗೆ. ಇಳಿಸಲು ಬರುವಾಗ ವೇಗ ತೀರಾ ಕುಗ್ಗಿ, ಎಡರೆಕ್ಕೆ ಕುಸಿದ ಹಾಗಾಯಿತು. ಆ ಒಂದು ಕ್ಷಣ ಬಾಬಿನ್‌ನ ಮನಸ್ಸು "ಬೀಳಲಿ" ಅಂದಿತು. ತುಟಿ ಅಲ್ಲಾಡಿತೋ ಏನೋ, ಅವನೇ ಬೆಚ್ಚಿಬಿದ್ದ. ಅಷ್ಟರಲ್ಲಿ ಆಕೆ ಮೋಟರಿಗೆ ಜೀವ ಕೊಟ್ಟು ಎತ್ತಿಕೊಂಡು, ಇನ್ನೊಂದು ಸುತ್ತು ಹೋಗಿ ಬಂದು, ಉದ್ದಕ್ಕೆ ಇಳಿಸಿ ನಿಲ್ಲಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಬಾಬಿನ್. ಆಕೆ ಯಾರ ಮುಖವನ್ನೂ ನೋಡದೆ ಹೋಗಿ, ಬಯಲಿನ ಅಂಚಿನಲ್ಲಿ ನಿಂತಿದ್ದ ಮೇಷ್ಟ್ರ ಕಾರಿನಲ್ಲಿ ಕೂತುಬಿಟ್ಟರು. ಎಷ್ಟು ಗರ್ವ ನೋಡು ಅಂದುಕೊಂಡ ಬಾಬಿನ್.

ಆ ವಾರವೇ ಅವನು ಅಟ್ಟ ಹತ್ತಿದ. ಸೀರೆ ಸರಿಸಿ ಕೆಂಪು ವಿಮಾನವನ್ನು ಇಳಿಸಿಕೊಂಡ. ಬಾಲದ ಒಂದು ಕೀಲು ಒಣಗಿ ಬಿಟ್ಟುಕೊಂಡಿತ್ತು, ಅಂಟಿಸಿದ. ವೈರುಗಳನ್ನು ಒಂದೊಂದಾಗಿ ಜಗ್ಗಿ ನೋಡಿದ. ಗಿರಾಕಿಗಳು ಬಂದರೆ ನಾಳೆ ಬನ್ನಿ ಅಂದ. ಮೋಟರ್ ಹೊಂದಿಲ್ಲ ಅನ್ನುವುದು ಸುಳ್ಳು ಅಂತ ಅವನಿಗೆ ಮೊದಲೂ ಗೊತ್ತಿತ್ತು. ಗುಂಡಿ ಒತ್ತಿದ ಕೂಡಲೆ ಅದು ರೊಯ್ಯೆಂದು ತಿರುಗಿತು.

ಭಾನುವಾರ ಬಯಲಿಗೆ ಹೋದರೆ ಮಡಚುವ ಕುರ್ಚಿ ಇರಲಿಲ್ಲ. ಬೀಗತಿಗೆ ನೆಗಡಿ, ಜ್ವರವಂತೆ. ಮೊದಲು ಒಳ್ಳೆಯದೇ ಆಯಿತು ಅನ್ನಿಸಿತು. ಮೇಷ್ಟ್ರು ಪಕ್ಕದಲ್ಲಿ ಬಂದು ನಿಂತರು. ಕೆಂಪು ವಿಮಾನ ಓಡಿತು, ಎದ್ದಿತು. ಬಾಬಿನ್‌ನ ಬೆರಳುಗಳು ರಕ್ತವೇ ಇಲ್ಲದ ಹಾಗೆ ತಣ್ಣಗಾಗಿದ್ದವು. ಹಳದಿಯ ಅಭ್ಯಾಸಕ್ಕೆ ತಿರುವಿನಲ್ಲಿ ಕೈ ಸಡಿಲ ಬಿಟ್ಟ, ವಿಮಾನ ಇನ್ನಷ್ಟು ವಾಲಿಕೊಂಡು ಇಟ್ಟಿಗೆಗೂಡಿನ ಚಿಮಣಿಯ ಕಡೆ ಜಾರಿತು. ತಳ್ಳಿ, ತಳ್ಳಿ ಅಂದರು ಮೇಷ್ಟ್ರು. ತಳ್ಳಿದ. ನೆಟ್ಟಗಾಯಿತು. ಆಮೇಲೆ ಒಂದು ಕ್ಷಣವೂ ಕಡ್ಡಿಗೆ ಬಿಡುವು ಕೊಡಲಿಲ್ಲ. ಇಳಿಸುವಾಗ ಜೋರಾಯಿತು, ಚಕ್ರ ಹುಲ್ಲಿಗೆ ಸಿಕ್ಕಿ ಮೂತಿ ನೆಲಕ್ಕೆ ತಾಗಿ ಅದರ ತುದಿಯಲ್ಲಿ ತಿರುಗುವ ಫ್ಯಾನ್ ಮುರಿಯಿತು. ಉಳಿದದ್ದೆಲ್ಲ ನೆಟ್ಟಗಿತ್ತು.

ಆಯ್ತಲ್ಲ ಅಂತ ಹೇಳಿ ಮೇಷ್ಟ್ರು ತಮ್ಮ ಬ್ಯಾಟರಿ ಚಾರ್ಜಿಗೆ ಹಾಕಲು ಹೋದರು. ಮಿಕ್ಕವರು ಅವರವರ ಕೆಲಸದಲ್ಲಿದ್ದರು. ಬಾಬಿನ್ ಮುರಿದ ಫ್ಯಾನ್ ಹಿಡಿದು, ಯಾವಾಗಲೂ ಕುರ್ಚಿ ಇರುತ್ತಿದ್ದ ಜಾಗದಲ್ಲಿ ತುಳಿದ ಹುಲ್ಲನ್ನು ನೋಡುತ್ತಾ ನಿಂತ. ನೋಡಬೇಕಾಗಿದ್ದವರೇ ನೋಡಲಿಲ್ಲ. ಮನೆಗೆ ಹೋಗಲು ಮನಸ್ಸಾಗದೆ ಸ್ಕೂಟರನ್ನು ಮಗಳ ಮನೆ ಕಡೆ ತಿರುಗಿಸಿದ.

ಬೀಗತಿ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಊಟದ ಮೇಜಿನ ಹತ್ತಿರ ಕೂತಿದ್ದರು. ಅವನು ಕೆಂಪು ವಿಮಾನವನ್ನು ಒಳಗೆ ತಂದಿಡುತ್ತಲೇ ಎದ್ದು ಬಂದರು. ಯಾವ ಕಡೆಯಿಂದ ಗಾಳಿ ಇತ್ತು, ಎಷ್ಟು ದೂರ ಓಡಿತು, ತಿರುವಿನಲ್ಲಿ ಮೂತಿ ಕುಸೀತಾ, ಇಳಿಸುವಾಗ ಮೋಟರ್ ಪೂರ್ತಿ ನಿಲ್ಲಿಸಿದ್ರಾ ಅಂತ ಒಂದೊಂದೇ ಕೇಳಿದರು. ಬಾಬಿನ್ ಹೇಳಿದ. ಚಿಮಣಿಯ ವಿಷಯವನ್ನು ಬೇಕಂತಲೇ ಬಿಟ್ಟು ಹೇಳಿದ, ಆಮೇಲೆ ತಡೆಯಲಾರದೆ ಅದನ್ನೂ ಹೇಳಿದ. ಅವನ ಹೆಂಡತಿಗಾಗಲಿ, ಅಂಗಡಿಗೆ ಬರುವವರಿಗಾಗಲಿ ಇಷ್ಟೆಲ್ಲ ಕೇಳಬೇಕು ಅಂತಲೇ ಹೊಳೆಯುತ್ತಿರಲಿಲ್ಲ.

"ಭಯ ಆಗ್ಲಿಲ್ವಾ ಬೀಗರೇ?"

"ಭಯ ಏನು ಬಂತು? ಇಷ್ಟು ವರ್ಷದಿಂದ ಹಾರಿಸ್ತಿದೀನಿ."

ಆಕೆ ಮೂಗೊರೆಸಿಕೊಂಡು ನಕ್ಕರು. "ನಂಗಂತೂ ಅವತ್ತು ಕಾಲೆಲ್ಲ ನಡುಗಿ ನಿಲ್ಲೋಕಾಗ್ಲಿಲ್ಲ. ಓಡಿಹೋಗಿ ಕಾರಲ್ಲಿ ಕೂತ್ಕೊಂಡೆ. ನೀವೆಲ್ಲ ಚಪ್ಪಾಳೆ ಹೊಡೆದ್ರಂತೆ, ನಂಗೆ ಕೇಳಿಸ್ಲೇ ಇಲ್ಲ."

ಉಪ್ಪು ಕೊಡಿ ಅಂತ ಕೇಳಿದಷ್ಟು ಸಲೀಸಾಗಿ ಹೇಳಿಬಿಟ್ಟರು. ಬಾಬಿನ್‌ಗೆ ಆಕೆಯ ಕೈ, ಆಕೆಯ ಹಸಿರು ವಿಮಾನ, ಮೇಜಿನ ಆ ತುದಿಯಲ್ಲಿ ಕೂರುವ ತನ್ನ ಮಗಳು, ಇದೆಲ್ಲಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾದದ್ದು ಆ ಮಾತಿನ ಮೇಲೆ. ನನಗೂ ಹಾಗೇ ಆಯಿತು ಅನ್ನುವ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಮಗಳು ಟೀ ತಂದಳು. ಅವನು ಮಾತನ್ನೂ ಟೀಯನ್ನೂ ಒಟ್ಟಿಗೆ ನುಂಗಿದ.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಮಾತ್ರ ಹೇಳಿದ, ಇವತ್ತು ಕೈ ನಡುಗಿಬಿಡ್ತು ಕಣೇ ಅಂತ. ಅವಳು ತಟ್ಟೆಯಿಂದ ತಲೆ ಎತ್ತದೆ, ಇದನ್ನ ನಂಗೆ ಹೇಳಿ ಏನು ಪ್ರಯೋಜನ, ಬೀಗರಿಗೆ ಹೇಳಿ ಅಂದಳು. ಹೇಳ್ತೀನಿ ಅಂದ.

ಅವನು ಇನ್ನೂ ಹೇಳಿಲ್ಲ. ಕೆಂಪು ವಿಮಾನ ಈಗ ಭಾನುವಾರ ತಪ್ಪದೆ ಹಾರುತ್ತದೆ, ಫ್ಯಾನ್ ಮುರಿಯುವುದೂ ಅಪರೂಪ. ಬೀಗತಿ ಮಾತ್ರ ಮೊನ್ನೆ ಹಸಿರು ವಿಮಾನವನ್ನು ತಲೆಕೆಳಗು ಮಾಡಿ ಬಯಲಿನ ಈ ಕೊನೆಯಿಂದ ಆ ಕೊನೆಯವರೆಗೆ ಓಡಿಸಿದರು. ಬಾಬಿನ್ ಚಪ್ಪಾಳೆ ತಟ್ಟಿದ, ಮನೆಗೆ ಬಂದು ಸರಿಯಾಗಿ ಊಟ ಮಾಡಲಿಲ್ಲ.