ನೆರಿಗೆ ಯಾವ ಕಡೆ

ನನ್ನ ಮೈದುನ ಮಸ್ಕತ್ತಿನಲ್ಲಿ ನಡೆಯುತ್ತಿದ್ದ ಸ್ಕಾಟಿಷ್ ಆಟಗಳಲ್ಲಿ ಹಲವು ವರ್ಷ ಚಾಂಪಿಯನ್ ಆಗಿದ್ದ ಎಂದರೆ ಈಗ ಯಾರೂ ನಂಬುವುದಿಲ್ಲ. ಕಾಪು ಕಡೆಯ ತುಳು ಹುಡುಗ, ಒಮಾನಿನ ಸೊಹಾರಿನ ಸ್ಟೀಲ್ ಪ್ಲಾಂಟಿನಲ್ಲಿ ಸೂಪರ್‌ವೈಸರ್. ಈ ಹುಚ್ಚು ಹಿಡಿಸಿದವನು ಅವನ ಸ್ಕಾಟಿಷ್ ಬಾಸ್. ಕಲ್ಲು ಎಸೆಯುವುದು, ಸುತ್ತಿಗೆ ಬೀಸುವುದು ಎಲ್ಲ ಬೇಗ ಕೈಗೆ ಹತ್ತಿತು. ಕೇಬರ್ ಮಾತ್ರ ಮೊದಲೆರಡು ವರ್ಷ ಒಲಿಯಲಿಲ್ಲ.

ಕೇಬರ್ ಎಂದರೆ ಟೆಲಿಫೋನ್ ಕಂಬದಂಥ ಮರ. ತೆಳ್ಳನೆಯ ತುದಿಯನ್ನು ಅಂಗೈಯಲ್ಲಿ ಹಿಡಿದು, ನೆಟ್ಟಗೆ ಎತ್ತಿಕೊಂಡು ಓಡಿ, ಮೇಲಕ್ಕೆ ಚಿಮ್ಮಬೇಕು. ಅದು ಗಾಳಿಯಲ್ಲಿ ಲಾಗ ಹಾಕಿ ಆಚೆಗೆ ಮಲಗಬೇಕು, ಹನ್ನೆರಡು ಗಂಟೆಗೆ ನಿಂತ ಗಡಿಯಾರದ ಮುಳ್ಳಿನಂತೆ ಪರ್ಫೆಕ್ಟ್ಲಿ ಸ್ಟ್ರೇಟ್. ದೂರಕ್ಕೆ ಮಾರ್ಕ್ಸ್ ಇಲ್ಲ. ಆ ಎರಡು ವರ್ಷವೂ ಕಂಬ ಇವನ ಕಡೆಗೇ ವಾಪಸ್ಸು ಬಿದ್ದಿತ್ತು, ಬೆನ್ನೂ ಉಳುಕಿತ್ತು.

ಮೂರನೇ ವರ್ಷ ಅವನ ಹೆಂಡತಿ, ನನ್ನ ಓರಗಿತ್ತಿ, ಕಂಡೀಷನ್ ಹಾಕಿದಳು. "ಇದೊಂದೇ ಸಲ. ಕಂಬ ಮಗುಚಿ ಬೀಳದಿದ್ದರೆ ಖಲಾಸ್. ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸೋತಿದೆ."

"ಆಯ್ತು ಮಾರಾಯ್ತಿ," ಎಂದ. ಮುಖ ಮಾತ್ರ ಸಣ್ಣದಾಯಿತು.

ಆಟಕ್ಕೆ ಉಡುವ ಕಿಲ್ಟ್, ಅಂದರೆ ಸ್ಕಾಟಿಷ್ ಗಂಡಸರ ನೆರಿಗೆ ಲಂಗ, ಅದುವರೆಗೆ ಬಾಡಿಗೆಯದ್ದು, ಬಾಸೇ ಉಡಿಸುತ್ತಿದ್ದ. ಆ ವರ್ಷ ಬಾಡಿಗೆಯದ್ದು ಬೇಡ, ಸ್ವಂತದ್ದು ಬೇಕೆಂದ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ನೀಡಲ್‌ವರ್ಕ್ ಕಲಿಸಿದ್ದರಲ್ಲ, ಮಸ್ಕತ್ತಿನ ರೂವಿ ಪೇಟೆಯ ಅಂಗಡಿಯಿಂದ ಚೌಕುಳಿ ಬಟ್ಟೆ ತಂದು ನಾನೇ ಹೊಲಿದೆ. ನೆರಿಗೆಗಳು ಎಷ್ಟು ಶಾರ್ಪ್ ಎಂದರೆ ಮುಟ್ಟಿದರೆ ಬೆರಳು ಕೊಯ್ಯಬೇಕು! ಆಟದ ದಿನ ನಾನೂ ಓರಗಿತ್ತಿಯೂ ಸೇರಿ ಉಡಿಸಿದೆವು. ನೆರಿಗೆ ಎಂದರೆ ನಮಗೆ ಇನ್ನೆಲ್ಲಿ? ಸೀರೆಯದ್ದಾಗಲಿ, ಕಚ್ಚೆಯದ್ದಾಗಲಿ, ಹೊಕ್ಕಳ ಕೆಳಗೇ.

ಇದ್ದದ್ದು ಮೂರೇ ಎಸೆತ. ಮೊದಲನೆಯದರಲ್ಲಿ ಕಂಬ ಇವನ ಕಡೆಗೇ ಬಿತ್ತು. ಎರಡನೆಯದೂ ಹಾಗೆಯೇ. ಕಂಬ ಎತ್ತಲು ಕುಕ್ಕರುಗಾಲಿನಲ್ಲಿ ಕೂರುವಾಗ ಹಿಂದಿನ ಬಟ್ಟೆ ಬಿಗಿಯುತ್ತಿತ್ತು, ಕಾಲು ಬಿಡಿಸಲಾಗುತ್ತಿರಲಿಲ್ಲ. ಓರಗಿತ್ತಿ ಬುತ್ತಿ ಚೀಲ ಕಟ್ಟತೊಡಗಿದಳು.

ಪಕ್ಕದ ಕುರ್ಚಿಯಲ್ಲಿದ್ದ ಸ್ಕಾಟಿಷ್ ಅಜ್ಜಿ ನನ್ನ ಮೊಣಕೈ ಮುಟ್ಟಿ ಮೆಲ್ಲಗೆ ಹೇಳಿದರು: "ಮೈ ಡಿಯರ್, ದ ಪ್ಲೀಟ್ಸ್ ಗೋ ಬಿಹೈಂಡ್."

ನಾನು ಸೀರೆ ಎತ್ತಿಕೊಂಡು ಮೈದಾನದ ಅಂಚಿಗೆ ಕಟ್ಟಿದ್ದ ಹಗ್ಗದವರೆಗೆ ಓಡಿದೆ. "ಹೋಯ್, ನೆರಿಗೆ ಹಿಂದೆ ಬರಬೇಕಂತೆ! ತಿರುಗಿಸು!"

"ಇಲ್ಲಿಯಾ ಅತ್ತಿಗೆ? ಎಲ್ಲರೂ ನೋಡುತ್ತಾರೆ."

"ಒಳಗೆ ಚಡ್ಡಿ ಉಂಟಲ್ಲ, ತಿರುಗಿಸು."

ಬೆಲ್ಟ್ ಸಡಿಲಿಸಿ ಸರ್ರನೆ ತಿರುಗಿಸಿದ. ಬಾಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಸಲ ಆರಾಮವಾಗಿ ಕುಕ್ಕರಿಸಿದ, ಎತ್ತಿದ, ಓಡಿದ. ಕಂಬ ಆಕಾಶದಲ್ಲಿ ಕ್ಷಣ ಯೋಚಿಸಿ ಆಚೆಗೆ ಮಗುಚಿತು. ರೆಫರಿ ಕೈಯನ್ನು ನೆಟ್ಟಗೆ ಮುಂದಕ್ಕೆ ಚಾಚಿದರು. ಹನ್ನೆರಡು ಗಂಟೆ!

ಓರಗಿತ್ತಿ ಚಪ್ಪಾಳೆ ತಟ್ಟಲಿಲ್ಲ. ಸೀದಾ ಮೈದಾನಕ್ಕೆ ನಡೆದಳು. "ಬೆನ್ನು ನೋಯುತ್ತದಾ?"

"ಎಂಥದೂ ಇಲ್ಲ."

"ಹಾಗಾದರೆ ಬಗ್ಗಿ ಕೆಳಗಿರುವ ಆ ನೀರಿನ ಬಾಟಲಿ ಎತ್ತಿ ನೋಡುವ."

ಅವನು ಬಾಟಲಿಯನ್ನು ನೋಡಿದ, ಅವಳನ್ನು ನೋಡಿದ, ಬಗ್ಗಲಿಲ್ಲ. ಬಾಟಲಿಯನ್ನು ಅವಳೇ ಎತ್ತಿ ಮುಚ್ಚಳ ತೆರೆದು ಕೊಟ್ಟಳು.

ಸೊಹಾರಿಗೆ ವಾಪಸ್ಸು ಬರುವಾಗ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದ್ದ, ತಲೆ ನನ್ನ ತೊಡೆಯ ಮೇಲೆ. ಹೊರಗೆ ಖರ್ಜೂರದ ತೋಟಗಳು ಹಿಂದೆ ಸರಿಯುತ್ತಿದ್ದವು. ಸ್ಟಿಯರಿಂಗ್ ಹಿಡಿದಿದ್ದ ಓರಗಿತ್ತಿ ಕನ್ನಡಿಯಲ್ಲಿ ಅವನನ್ನು ನೋಡಿ ಹೇಳಿದಳು:

"ಬರುವ ವರ್ಷ ಬರುವಾಗ ಈ ಸೀಟಿಗೆ ಒಂದು ಹಾಸಿಗೆ ಹಾಕಿಕೊಂಡು ಬರುವ."