ಬರಿಗೈಲಿ ಬ್ಯಾಂಕಿಗೆ ಹೋಗಿ ಎನ್ನುವ ನಾಗರತ್ನಾ

ಬೆಳಗಿನ ಆರು ಗಂಟೆ. ಹುನಗುಂದ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯ ಶಟರ್ ಎತ್ತಿ, ನಾಗರತ್ನಾ ಯಂತ್ರದ ಗಾಜು ಒರೆಸುತ್ತಿದ್ದಾರೆ. ಬಾಗಲಕೋಟೆಯ ಕಚೇರಿಗಳಿಗೆ ಹೊರಟವರು ಬಸ್ಸು ಬಿಡುವ ಮುನ್ನ ಇಲ್ಲಿಗೆ ಓಡಿ ಬರುತ್ತಾರೆ. ಆಧಾರ್ ಪ್ರತಿ ಬೇಕೆಂದವರಿಂದ, ಯಾತಕ್ಕೆಂದು ಅದರ ಮೇಲೆಯೇ ಬರೆಸಿ ಸಹಿ ಹಾಕಿಸುವುದು ಇವರ ಪದ್ಧತಿ. ನಾಳೆ ಯಾರಾದರೂ ಅದನ್ನು ಇನ್ನೆಲ್ಲಾದರೂ ಬಳಸಿಕೊಂಡರೆ ಎಂಬ ಅಂಜಿಕೆ. ಗಿರಾಕಿಗಳು ಗೊಣಗುತ್ತಲೇ ಬರೆಯುತ್ತಾರೆ.

ಗುಡೂರಿನಿಂದ ಬಂದಿಳಿದ ಮಯೂರಿ 'ಬಂಗಾರದ ಸಾಲಕ್ಕೆ' ಎಂದು ಬರೆಯುತ್ತಾಳೆ. ನಾಗರತ್ನಾ ಅದನ್ನು ಓದಿ ಅವಳ ಮುಖ ನೋಡುತ್ತಾರೆ.

"ಯಾರ ಬಂಗಾರ, ತಂಗಿ?"

"ಅವ್ವನ ಪಾಟ್ಲಿ ಬಳೆ ಅದಾವ್ರಿ. ಓದಿನ ಸಾಲದ ಎರಡು ಕಂತು ತಪ್ಯಾವ, ಸೋಮವಾರ ಮೂರನೇದು. ಇಲ್ಲಿ ಇಟ್ಟರ ಗುರ್ತಿನವ್ರು ನೋಡ್ತಾರಂತ ಬಾಗಲಕೋಟಿಗೆ ಹೊಂಟೇನಿ."

ಮಯೂರಿ ಓದಿದ್ದು ಫಿಸಿಯೋಥೆರಪಿ. ಇಳಕಲ್ಲಿನ ಖಾಸಗಿ ದವಾಖಾನೆಯಲ್ಲಿ ಹನ್ನೆರಡು ಸಾವಿರ ಸಂಬಳ, ಅದರಲ್ಲಿ ಕಂತೇ ಎಂಟು ಸಾವಿರದ ನಾನೂರು. ಮೂರನೆಯದೂ ತಪ್ಪಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರಿ, ಜಾಮೀನು ನಿಂತ ಸೋದರಮಾವನ ಮನೆಗೆ ನೋಟಿಸು ಹೋಗುತ್ತದೆ.

"ಮ್ಯಾನೇಜರ್ ಸಾಹೇಬರನ್ನ ಭೆಟ್ಟಿ ಆಗೀಯೇನು?"

"ಖಾಲಿ ಕೈಲೆ ಹ್ಯಾಂಗ ಹೋಗೋದ್ರಿ ಅಕ್ಕಾರ?"

ಈ ಪ್ರಶ್ನೆಯೇ ಈ ಭಾಗದ ದೊಡ್ಡ ರೋಗ ಎನ್ನಿಸುತ್ತದೆ ನನಗೆ. ಸಾಲ ಕೊಟ್ಟವರ ಹೊಸ್ತಿಲನ್ನು ಬರಿಗೈಲಿ ತುಳಿಯಬಾರದೆಂದು ನಂಬಿ ಬೆಳೆದ ಜನ, ಮರ್ಯಾದೆಗೆ ಅಂಜಿ ಬ್ಯಾಂಕಿನಿಂದ ದೂರ ಉಳಿಯುತ್ತಾರೆ. ಬ್ಯಾಂಕಿಗೆ ಈ ಮರ್ಯಾದೆಯೆಲ್ಲ ಎಲ್ಲಿ ತಿಳಿಯಬೇಕು? ತಪ್ಪಿಸಿಕೊಂಡು ತಿರುಗುತ್ತಿದ್ದಾರೆಂದೇ ಅದರ ಲೆಕ್ಕ.

ನಾಗರತ್ನಾ ಇದೇ ಹಾದಿ ತುಳಿದು ಬಂದವರು. ಮಗಳು ಶೀಲಾಳ ನರ್ಸಿಂಗ್ ಸಾಲ ತೀರಿಸಲಾಗದೆ, ಒಂದು ಕಂತಾದರೂ ಕೂಡಿಸಿಕೊಂಡೇ ಹೋಗೋಣವೆಂದು ಹನ್ನೊಂದು ತಿಂಗಳು ಬ್ಯಾಂಕಿನ ರಸ್ತೆ ಬಿಟ್ಟು ಸುತ್ತುಹಾಕಿ ನಡೆದರು. ಅಷ್ಟರಲ್ಲಿ ವಸೂಲಿಯವರು ಮನೆಬಾಗಿಲಿಗೆ ಬಂದರು, ಓಣಿಯೆಲ್ಲ ನೋಡಿತು. ಮುಂದೊಂದು ದಿನ ಯಾರದೋ ಕಡತದ ಪ್ರತಿ ತೆಗೆಯುವಾಗ ಒಂದು ಸಾಲು ಕಣ್ಣಿಗೆ ಬಿತ್ತು: ಕೆಲಸ ಸಿಗದವರು, ಸಂಬಳ ಸಾಕಾಗದವರು ಮೊದಲೇ ಅರ್ಜಿ ಕೊಟ್ಟರೆ ಕಂತು ಮುಂದೂಡಲು, ಅವಧಿ ಹೆಚ್ಚಿಸಲು ಬ್ಯಾಂಕು ಪರಿಶೀಲಿಸಬಹುದು.

"ಮಂದಿ ಕಾಗದ ಓದಬಾರದು, ಖರೆ. ಆದ್ರ ಅವತ್ತ ಓದೀನಿ. ಓದಿ ಭಾಳ ಅತ್ತೀನ್ರಿ" ಎನ್ನುತ್ತಾರೆ.

ದಿನಕ್ಕೆ ಏಳೆಂಟುನೂರು ಪ್ರತಿ ತೆಗೆಯುವ ಇವರ ಸಂಬಳ ಒಂಬತ್ತು ಸಾವಿರ. ಅಂಗಡಿ ಇವರದಲ್ಲ. ವಾರಕ್ಕೆ ಮೂರೋ ನಾಲ್ಕೋ ಮಂದಿ ಓದಿನ ಸಾಲದ ಚಿಂತೆ ಹೊತ್ತು ಬರುತ್ತಾರೆ, ಶಿರೂರಿನಿಂದ, ಬಾದಾಮಿಯಿಂದಲೂ. ಅವರಿಂದ ಪ್ರತಿಯ ಎರಡು ರೂಪಾಯಿ ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ. ಅರ್ಜಿಯನ್ನು ಅವರ ಕೈಯಲ್ಲೇ ಬರೆಸುತ್ತಾರೆ: ಸಂಬಳ ಎಷ್ಟು, ತಿಂಗಳಿಗೆ ಎಷ್ಟು ಕಟ್ಟಬಲ್ಲೆ. ಸರ್ಕಾರದ ಬಡ್ಡಿ ಸಹಾಯಧನ ಖಾತೆಗೆ ಬಂದಿದೆಯೇ ಎಂದೂ ಅದರಲ್ಲೇ ಕೇಳಿಸುತ್ತಾರೆ. ಎರಡನೇ ಪ್ರತಿಯ ಮೇಲೆ ಬ್ಯಾಂಕಿನ ಮೊಹರು ಬೀಳಲೇಬೇಕು. ಮೂವತ್ತು ದಿನ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ ಎಂದು ತಿಳಿಸಿ ಹೇಳುತ್ತಾರೆ.

"ಸಾಲ ಮನ್ನಾ ಮಾಡಿಸ್ತೇವಿ, ಐದು ಸಾವಿರ ಹಾಕ್ರಿ ಅಂತ ಫೋನ್ ಬರ್ತಾವ. ಒಂದು ರೂಪಾಯಿ ಹಾಕಬ್ಯಾಡ್ರಿ ಅಂತೇನಿ."

ಹೋದವರಿಗೆಲ್ಲ ಕೆಲಸ ಆಗುತ್ತದೆಂದಲ್ಲ. ಇಳಕಲ್ಲಿನ ನವೀದ ಎಂಬವರ ಅರ್ಜಿ ಎರಡು ಸಲ ವಾಪಸು ಬಂದಿದೆ, ಮೂರನೆಯದನ್ನು ಬರೆಸುತ್ತಿದ್ದಾರೆ.

ಮಯೂರಿ ಅಂಗಡಿಯ ಬೆಂಚಿನ ಮೇಲೆ ಕೂತು ಇಂಥದೇ ಅರ್ಜಿ ಬರೆಯುವಷ್ಟರಲ್ಲಿ ಬಾಗಲಕೋಟೆಯ ಬಸ್ಸು ಹೋಗಿಯೇಬಿಡುತ್ತದೆ. ಹತ್ತು ಗಂಟೆಗೆ ನಾಗರತ್ನಾ ಅವಳನ್ನು ಒಬ್ಬಳನ್ನೇ, ಓದಿನ ಸಾಲ ಕೊಟ್ಟ ಇಲ್ಲಿನ ಬ್ಯಾಂಕಿಗೆ ಕಳಿಸುತ್ತಾರೆ. ಕೌಂಟರ್ ಬಿಟ್ಟು ಹೋಗುವ ಹಾಗಿಲ್ಲ. ಕೈ ಕೆಲಸ ಮಾಡುತ್ತಿದ್ದರೂ ಕಣ್ಣು ರಸ್ತೆಯ ಮೇಲೆಯೇ.

ಹನ್ನೆರಡರ ಹೊತ್ತಿಗೆ ಮಯೂರಿ ಮರಳುತ್ತಾಳೆ. ಕೈಯಲ್ಲಿ ಮೊಹರು ಬಿದ್ದ ಪ್ರತಿ. ಅವಧಿ ಹೆಚ್ಚಿಸಿ ಕಂತನ್ನು ಐದು ಸಾವಿರಕ್ಕೆ ಇಳಿಸಲು ಮ್ಯಾನೇಜರ್ ಒಪ್ಪಿದ್ದಾರೆ, ಸೋಮವಾರದೊಳಗೆ ಆದೇಶ ಮಾಡಿಸುತ್ತಾರಂತೆ. ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆಂದು ನಾಗರತ್ನಾ ಬೆಳಿಗ್ಗೆಯೇ ಹೇಳಿದ್ದರು, ಅವಳು ಅದಕ್ಕೆ ತಯಾರಿದ್ದಾಳೆ.

"ಬೈತಾರ ಅನ್ಕೊಂಡಿದ್ದೆ. ಕುರ್ಚಿ ಕೊಟ್ರು. ಇಷ್ಟು ದಿನಾ ಯಾಕ ಬರ್ಲಿಲ್ಲ ಅಂತ ಕೇಳಿದ್ರು" ಎನ್ನುತ್ತಾಳೆ. ಪಾಟ್ಲಿಗಳೊಂದಿಗೆ ಗುಡೂರಿನ ಬಸ್ಸು ಹತ್ತುತ್ತಾಳೆ.

ನಿಮಗೇನಾದರೂ ಆಸೆಯಿದೆಯೇ ಎಂದು ನಾಗರತ್ನಾರನ್ನು ಕೇಳುತ್ತೇನೆ. ಮುಂದಿನ ಗಿರಾಕಿಯ ಅಂಕಪಟ್ಟಿಯನ್ನು ಗಾಜಿನ ಮೇಲೆ ನೆಟ್ಟಗೆ ಇಡುತ್ತಾ ಹೇಳುತ್ತಾರೆ.

"ಬ್ಯಾಂಕಿನ ಬಾಗಲಾಗ ಒಂದು ಬೋರ್ಡ್ ಹಾಕಬೇಕ್ರಿ, ದೊಡ್ಡ ಅಕ್ಷರದಾಗ. 'ರೊಕ್ಕ ಇಲ್ದಿದ್ರೂ ಒಳಗ ಬರ್ರಿ' ಅಂತ. ಅಷ್ಟು ಹಾಕಿದ್ರ ನನ್ನ ಕಡೆ ಯಾರೂ ಬರೂದ ಬ್ಯಾಡ."