ಖಾಲಿ ಹಾಳೆ ಕೊಟ್ಟ ಹುಡುಗಿ

ವಾರದಲ್ಲಿ ಐದು ದಿನ ಟೀಚರಮ್ಮ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ಶನಿವಾರ ಮಾತ್ರ ಟೀಚರು. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ, ಮನೆಯೊಳಗಷ್ಟೇ ಕನ್ನಡ ಕೇಳಿ ಬೆಳೆದ ಮಕ್ಕಳಿಗೆ ಒಂಬತ್ತು ವರ್ಷದಿಂದ ಪಾಠ. ಸಂಬಳವಿಲ್ಲ, ಆದರೆ ಶಿಸ್ತಿಗೇನೂ ಬರವಿಲ್ಲ. ಸೇರಲು ಬರುವವರಿಗೆಲ್ಲ ಒಂದೇ ಪರೀಕ್ಷೆ: ವರ್ಣಮಾಲೆ ಬರೆಯಬೇಕು, ಚಿತ್ರಗಳ ಕೆಳಗೆ ಹೆಸರು ಬರೆಯಬೇಕು. ಬರೆಯದಿದ್ದರೆ ಮೊದಲ ತರಗತಿ, ವಯಸ್ಸು ಎಷ್ಟೇ ಇರಲಿ.

ಈ ಸಲ ಹನ್ನೆರಡರ ಹುಡುಗಿಯೊಬ್ಬಳು ಹಾಳೆಯನ್ನು ಕೊಟ್ಟ ಹಾಗೇ ವಾಪಸು ಕೊಟ್ಟಳು.

"ಚಿಕ್ಕ ಮಕ್ಕಳ ಜೊತೆ ಕೂರಿಸಿದ್ರೆ ಇನ್ನು ಬರೋದೇ ಇಲ್ಲ ಅಂತಿದ್ದಾಳೆ ಟೀಚರ್," ಎಂದು ಅವಳ ಅಪ್ಪ ಫೋನಿನಲ್ಲಿ ಗೋಗರೆದ.

"ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಮಾಡೋಕಾಗಲ್ಲ," ಎಂದು ಟೀಚರಮ್ಮ ಕಡ್ಡಿ ಮುರಿದಂತೆ ಹೇಳಿದರು.

ಸೋಮವಾರ ಅದೇ ಹುಡುಗಿ ಅಜ್ಜಿಯ ಕೈ ಹಿಡಿದು ಅಂಗಡಿಗೆ ಬಂದಳು. ಟೀಚರಮ್ಮನನ್ನು ಕಂಡು ಮುಖ ಗಂಟು ಹಾಕಿಕೊಂಡಳು. ಅಜ್ಜಿ ಎತ್ತರದ ಕುರ್ಚಿ ಏರಿ ಕುಳಿತು, ಎದುರಿನ ಅಕ್ಷರದ ಫಲಕ ನೋಡಿ ಹಿಂಜರಿದರು.

"ನಂಗೆ ಯಾವ ಭಾಷೇನೂ ಓದಕ್ಕೆ ಬರಲ್ಲ ಕಣಮ್ಮ. ಹೇಗೆ ಪರೀಕ್ಷೆ ಮಾಡ್ತೀಯ?"

"ಓದಕ್ಕೆ ಬರದಿದ್ರೆ ಕಣ್ಣು ಕಾಣಲ್ಲ ಅಂತಾನಾ ಅಜ್ಜಿ? ಅದಕ್ಕೆ ಬೇರೆ ಫಲಕಾನೇ ಇದೆ."

ಟೀಚರಮ್ಮ ಫಲಕ ತಿರುಗಿಸಿದರು. ಹಿಂಬದಿಯಲ್ಲಿ ಅಕ್ಷರವಿಲ್ಲ, ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಹಲ್ಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಿದರಾಯಿತು. ಅಜ್ಜಿ ಕಣ್ಣು ಕಿರಿದು ಮಾಡಿ, ಅಂದಾಜಿನ ಮೇಲೆ ಒಂದು ಕಡೆ ಕೈ ತೋರಿಸಿದರು.

"ಅಜ್ಜೀ, ಕಳ್ಳಾಟ ಆಡ್ಬೇಡ!" ಹುಡುಗಿ ಗದರಿದಳು. "ಕಾಣದಿದ್ರೆ ಕಾಣಲ್ಲ ಅನ್ನು. ಏನೋ ಒಂದು ಹೇಳಿ ತಪ್ಪು ಕನ್ನಡಕ ಹಾಕ್ಕೊಂಡು, ಆಮೇಲೆ ಚಹಾಗೆ ಉಪ್ಪು ಹಾಕಿ ನಂಗೇ ಕುಡಿಸ್ತೀಯ!"

"ಕೇಳಿದ್ಯಾ ಇವಳ ಬಾಯಿ?" ಎಂದರು ಅಜ್ಜಿ. "ಇವಳಿಗೆ ಕನ್ನಡ ಬರಲ್ಲ ಅಂದ್ರಂತೆ ಯಾವುದೋ ಕ್ಲಾಸಲ್ಲಿ. ಮತ್ತೆ ದಿನಾ ನನ್ನ ತಲೆ ತಿನ್ನೋದು ಯಾವ ಭಾಷೇಲಂತೆ?"

ಹುಡುಗಿ ನೆಲ ನೋಡಿದಳು. ಟೀಚರಮ್ಮ ಫಲಕದ ಅಂಚು ಹಿಡಿದು ನಿಂತೇ ಇದ್ದರು. ದಿನಕ್ಕೆ ನಾಲ್ಕು ಸಲ ಈ ಫಲಕ ತಿರುಗಿಸುವ ತಮಗೆ ಒಂಬತ್ತು ವರ್ಷದಲ್ಲಿ ಒಂದು ಶನಿವಾರವೂ ಅಕ್ಷರ ಬಿಟ್ಟು ಪರೀಕ್ಷೆ ಮಾಡುವುದು ಹೊಳೆದಿರಲಿಲ್ಲ. ಖಾಲಿ ಹಾಳೆ ಕೊಟ್ಟು ಮತ್ತೆ ಬಾರದೇ ಹೋದ ಮಕ್ಕಳ ಮುಖಗಳು ಅವರಿಗೆ ನೆನಪಾದವು.

"ಹಾಗಂದಿದ್ದು ನಾನೇ ಅಜ್ಜಿ. ತಪ್ಪು ನಂದೇ." ಆಮೇಲೆ ಹುಡುಗಿಗೆ ಹೇಳಿದರು: "ಶನಿವಾರ ಬಾ. ಹಾಳೆ ಬೇಡ, ಕೂತು ಮಾತಾಡೋಣ. ನೀನು ದೊಡ್ಡವರ ತರಗತಿಗೇ ಸರಿ. ಅಕ್ಷರಕ್ಕೆ ಮಾತ್ರ ಚಿಕ್ಕವರ ಜೊತೆ ಅರ್ಧ ಗಂಟೆ. ಆಗುತ್ತಾ?"

ಹುಡುಗಿ ಯೋಚಿಸಿದಳು. "ಆ ಅರ್ಧ ಗಂಟೆ ಅಜ್ಜೀನೂ ಪಕ್ಕದಲ್ಲಿ ಕೂತ್ರೆ ಆಗುತ್ತೆ."

ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಹಾಗಾದ್ರೆ ಕನ್ನಡಕ ಶನಿವಾರದೊಳಗೆ ಸಿಗ್ಬೇಕು ಕಣಮ್ಮ."